ನಾಲ್ಕನೇ ಕುರ್ಚಿಯ ಬಲಗಾಲು

ಮಾರ್ಚ್ 4

ಪ್ರೀತಿಯ ಅಕ್ಕ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಮುಂದಿನ ಸಾಲಿಗೆ ಹೋಗುವುದು ನಮ್ಮ ಮನೆತನದ ಪದ್ಧತಿ. ಈ ಸಲ ಅದಕ್ಕೊಂದು ತಿದ್ದುಪಡಿ ಇದೆ. ನನ್ನ ಬಲಗಾಲಿಗೆ ಪಾದದಿಂದ ಮೊಣಕಾಲಿನವರೆಗೆ ಪಟ್ಟಿ ಕಟ್ಟಿದ್ದಾರೆ. ಗಾಬರಿಯಾಗಬೇಡ. ಕಾಲಿಗೆ ಏನೂ ಆಗಿಲ್ಲ. ಅದೇ ಈ ಪತ್ರದ ವಿಶೇಷ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಕಿವಿ ರಾಜೀನಾಮೆ ಕೊಟ್ಟು ಎರಡು ವರ್ಷವಾಯಿತು, ಮಿಷನ್ ಹಾಕಿಕೋ ಎಂದರೆ ನೀನು ಬಾಗಿಲು ತೋರಿಸುತ್ತೀಯ. ಹಾಗಾಗಿ ಅಂಚೆಯೇ ಗತಿ. ಮೂವತ್ತು ವರ್ಷ ಎಮರ್ಜೆನ್ಸಿ ವಾರ್ಡನ್ನು ಹೆಡ್ ನರ್ಸಾಗಿ ಆಳಿದವಳು ನೀನು, ಓದಿ ನಗುತ್ತೀಯ.

ನಿನ್ನೆ ಬೆಳಿಗ್ಗೆ, ನೀನು ಕೊಟ್ಟ ಗೋಡೆ ಗಡಿಯಾರ ಅಂಗಡಿಯಲ್ಲಿ ತನ್ನ ವಾಡಿಕೆಯಂತೆ ಹತ್ತು ನಿಮಿಷ ತಡವಾಗಿ ಹತ್ತು ಹೊಡೆಯುವ ಹೊತ್ತಿಗೆ, ನನಗೆ ಸ್ವಲ್ಪ ಗ್ಯಾಸು ತುಂಬಿದ ಹಾಗಾಯಿತು. ಒಂದು ಆರಾಮಕುರ್ಚಿಯ ಕೈಯನ್ನು ಉಜ್ಜುತ್ತಿದ್ದೆ. ನನ್ನ ಎಡಗೈ ಮಾತ್ರ ಬೇರೆ ಯಾರದೋ ಅನ್ನಿಸಿತು. ಸೆಕೆಯೂ ಇತ್ತೇನೋ, ಶರ್ಟು ಹಿಂಡುವಷ್ಟು ಬೆವರು. ನಮ್ಮವಳು ನನ್ನ ಮುಖ ನೋಡಿ, ಚಪ್ಪಲಿ ಹಾಕಿಕೊಳ್ಳಲೂ ಬಿಡುವು ಕೊಡದೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಚಪ್ಪಲಿ ಆಟೋದಲ್ಲಿ ಹಾಕಿಕೊಂಡೆ.

ಎಮರ್ಜೆನ್ಸಿಯ ಬಾಗಿಲಲ್ಲಿ ಒಂದು ಕಿಟಕಿ. ಜೊತೆಗೆ ಬಂದವರು ಹೊರಗೆ, ರೋಗಿ ಒಳಗೆ. ಗುಮಾಸ್ತ ಏನು ತೊಂದರೆ ಎಂದು ಕೇಳಿ, ಚೀಟಿಯಲ್ಲಿ ಬರೆದು, ಒಂದು ಕುರ್ಚಿ ತೋರಿಸಿ, ಅದರ ನಂಬರು ಹಾಕಿ ಚೀಟಿಯನ್ನು ಒಳಗೆ ಕಳಿಸುತ್ತಾನೆ. ಕುರ್ಚಿಗಳ ಬೆನ್ನಿಗೆ ನಂಬರು. ಅಲ್ಲಿಂದ ಮುಂದೆ ನಿನಗೆ ಹೆಸರಿಲ್ಲ, ಕುಲವಿಲ್ಲ, ಕುರ್ಚಿಯೊಂದೇ ಪರಿಚಯ. ನನ್ನದು ಏಳು. ಗಟ್ಟಿಮುಟ್ಟಾದ ಕುರ್ಚಿ. ನಾಲ್ಕರಲ್ಲಿ ಒಬ್ಬ ಪೇಂಟರ್ ಕೂತಿದ್ದ, ಏಣಿಯಿಂದ ಜಾರಿ ಬಲಗಾಲು ಊದಿಸಿಕೊಂಡು ಬಂದವನು. ಅವನ ಕುರ್ಚಿಯ ಹಿಂದಿನ ಕಾಲು ಸಡಿಲ. ಅವನು ಉಸಿರು ಬಿಟ್ಟರೆ ಕುರ್ಚಿ ಟಕ್ ಅನ್ನುತ್ತಿತ್ತು, ಕುರ್ಚಿ ಟಕ್ ಅಂದರೆ ಅವನು ಅಯ್ಯೋ ಅನ್ನುತ್ತಿದ್ದ.

ಅಕ್ಕ, ಮೂವತ್ತೈದು ವರ್ಷ ಕುರ್ಚಿ ರಿಪೇರಿ ಮಾಡಿದವನ ಎದುರಿಗೆ ಒಂದು ಕುರ್ಚಿ ಹಾಗೆ ನರಳಿದರೆ ಅವನು ಹೇಗೆ ತಾನೇ ಸುಮ್ಮನೆ ಕೂರುತ್ತಾನೆ? "ಯಜಮಾನ್ರೇ, ಬನ್ನಿ, ನಂದ್ರಲ್ಲಿ ಕೂತ್ಕೊಳ್ಳಿ" ಅಂದೆ. ಅವನನ್ನು ಏಳರಲ್ಲಿ ಕೂರಿಸಿ, ನಾಲ್ಕನ್ನು ಮಗುಚಿ, ಜೇಬಿನಲ್ಲಿದ್ದ ಮರದ ಚಕ್ಕೆಯನ್ನು ಸಂದಿಗಿಟ್ಟು ಚಪ್ಪಲಿಯಿಂದ ನಾಲ್ಕೇಟು ಹೊಡೆದೆ. ಕಲ್ಲಿನ ಹಾಗೆ ನಿಂತಿತು. ಪರೀಕ್ಷೆ ಮಾಡಲು ನಾನೇ ಅದರ ಮೇಲೆ ಕೂತೆ.

"ನಾಲ್ಕನೇ ಕುರ್ಚಿ" ಎಂದು ಕೂಗಿದರು. ಎದ್ದು ಹೋದೆ. ಎಳೆ ವಯಸ್ಸಿನ ನರ್ಸಮ್ಮ ಚೀಟಿ ನೋಡುತ್ತ, "ಬಲಗಾಲು ಚಾಚಿ" ಅಂದಳು.

"ಅಮ್ಮಾ, ನಂದು ಮೇಲ್ಗಡೆ" ಅಂದೆ.

"ನೋವು ಮೇಲಕ್ಕೆ ಹರಡೋದು ಸಹಜ. ಅಲುಗಾಡಬೇಡಿ."

ಡಾಕ್ಟರು ಆ ಕಡೆಯಿಂದಲೇ, "ಬಿದ್ರಾ?" ಅಂದರು. ಬಿದ್ದಿಲ್ಲ ಸಾರ್ ಅಂದೆ. "ಎಲ್ಲರೂ ಹಾಗೇ ಅಂತಾರೆ" ಎಂದು ಹೋದರು. ಅಷ್ಟರಲ್ಲಿ ಪಟ್ಟಿ ಮೊಣಕಾಲು ತಲುಪಿತ್ತು.

ಆ ಕಡೆ ಪೇಂಟರನ್ನು ಮಲಗಿಸಿ, ಎದೆಗೆಲ್ಲ ತಂತಿ ಅಂಟಿಸಿ ಇ.ಸಿ.ಜಿ. ತೆಗೆದು, "ನಿಮ್ಮ ಹಾರ್ಟು ಕುದುರೆ ಇದ್ದ ಹಾಗಿದೆ, ಮನೆಗೆ ಓಡಿ" ಎಂದರಂತೆ. ಅವನು ಕುಂಟುತ್ತ ಓಡಿದ.

ನಾನೂ ಮನೆಗೆ ಬಂದೆ. ಗ್ಯಾಸು ತಾನಾಗಿಯೇ ಇಳಿದಿದೆ, ಹೆಚ್ಚು ಕಡಿಮೆ.

ನಿನ್ನ,
ಮೊಳೆ


ಮಾರ್ಚ್ 7

ಮೊಳೆ,

ನಿನ್ನ ಪತ್ರ ಹನ್ನೊಂದಕ್ಕೆ ಬಂತು. ಹನ್ನೊಂದೂ ಐದಕ್ಕೆ ನಾನು ಪಕ್ಕದ ಮನೆಯ ಫೋನ್ ಹಿಡಿದಿದ್ದೆ. ನಿಮ್ಮ ಮನೆಯಲ್ಲಿ ಎತ್ತಿದ್ದು ಯಾರೋ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. "ನಾನು ಹೇಳ್ತೀನಿ, ನೀವು ಕೇಳಿ" ಎಂದು ಮೂರು ನಿಮಿಷ ಹೇಳಿ ಇಟ್ಟೆ. ಪಕ್ಕದ ಮನೆಯಾಕೆಯ ಪ್ರಕಾರ ಫೋನ್ ಇಲ್ಲದಿದ್ದರೂ ನಿಮಗೆ ಕೇಳಿಸುತ್ತಿತ್ತು.

ಈ ಕಾಗದ ತಲುಪುವ ಹೊತ್ತಿಗೆ ನೀನು ಆಸ್ಪತ್ರೆಯಲ್ಲಿ ಮಲಗಿರಬೇಕು. ಅಂಗಡಿಯಲ್ಲಿ ಕೂತು ಓದುತ್ತಿದ್ದರೆ ಈಗಲೇ ಏಳು. ಅದು ಗ್ಯಾಸಲ್ಲ. ಕೈ ಬೇರೆ ಯಾರದೋ ಅನ್ನಿಸುವುದು, ಶರ್ಟು ಹಿಂಡುವ ಬೆವರು, ಎರಡನ್ನೂ ಜೋಕುಗಳ ನಡುವೆ ತುರುಕಿದ್ದೀಯ. ನನಗೆ ಕಾಣುವುದಿಲ್ಲ ಎಂದುಕೊಂಡೆಯಾ? ಹೋಗಿರುವುದು ಕಿವಿ, ಕಣ್ಣಲ್ಲ. ಆರು ವರ್ಷದವನಿದ್ದಾಗ ಮೊಳೆ ನುಂಗಿ, "ಅಕ್ಕಾ, ಡಬ್ಬೀಲಿ ಒಂದು ಮೊಳೆ ಕಮ್ಮಿ ಇದೆ" ಎಂದು ದೂರು ಕೊಟ್ಟಿದ್ದವನು ನೀನು. ಅವತ್ತಿನಿಂದ ನಿನ್ನ ಬುದ್ಧಿಯೂ ಬದಲಾಗಿಲ್ಲ, ಹೆಸರೂ ಬದಲಾಗಿಲ್ಲ.

ಇನ್ನೊಂದು ವಿಷಯ. ಆ ಕುರ್ಚಿಗಳ ನಂಬರು ಯಾವ ಬಣ್ಣ? ಸುತ್ತ ಒಂದು ವೃತ್ತ ಇದೆಯೇ? ಕೆಳಗೆ ಅಡ್ಡಗೆರೆ ಎಳೆದಿದ್ದಾರೆಯೇ? ಸುಮ್ಮನೆ ಕೇಳಿದೆ.

ಅಕ್ಕ


ಮಾರ್ಚ್ 19

ಪ್ರೀತಿಯ ಅಕ್ಕ,

ಬದುಕಿದ್ದೇನೆ. ಮೊದಲು ಅದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಮತ್ತೆ ಪಕ್ಕದ ಮನೆಗೆ ಓಡುತ್ತೀಯ.

ಫೋನ್ ಎತ್ತಿದ್ದು ನಮ್ಮವಳು. ನಿನ್ನ ಮೂರು ನಿಮಿಷ ಮುಗಿಯುವ ಹೊತ್ತಿಗೆ ಅವಳ ಕಣ್ಣು ನೋಡಿ ನನಗೆ ಕಾಯಿಲೆಗಿಂತ ಹೆಚ್ಚು ಭಯವಾಯಿತು. ಅದೇ ಆಸ್ಪತ್ರೆಗೆ ಹೋದೆವು. ಗುಮಾಸ್ತ ಎರಡನೇ ಕುರ್ಚಿ ತೋರಿಸಿದ. "ಇವರು ಕೂರಲ್ಲ" ಅಂದಳು ನಮ್ಮವಳು.

"ಕೂರದಿದ್ರೆ ನಂಬರ್ ಇರಲ್ಲಮ್ಮ. ನಂಬರ್ ಇಲ್ದೆ ಕರೆಯೋದು ಹೇಗೆ?"

"ಕರೀಬೇಡಿ. ನೀವೇ ಬನ್ನಿ. ನಿಂತೇ ಇರ್ತೀವಿ."

ಕುರ್ಚಿಯಿಲ್ಲದ ರೋಗಿಯನ್ನು ಏನು ಮಾಡಬೇಕೆಂದು ಅವನ ಪುಸ್ತಕದಲ್ಲಿ ಬರೆದಿರಲಿಲ್ಲ. ಗಲಾಟೆ ಕೇಳಿ ಹಿರಿಯ ಡಾಕ್ಟರೊಬ್ಬರು ಹೊರಗೆ ಬಂದರು. ನನ್ನ ಮುಖ ನೋಡಿದರು, ಕೈ ಹಿಡಿದರು, ಮತ್ತೆ ಬಿಡಲಿಲ್ಲ. ಅರ್ಧ ಗಂಟೆಯಲ್ಲಿ ನಾನು ಮೇಜಿನ ಮೇಲಿದ್ದೆ. ಹೃದಯದ ರಕ್ತನಾಳವೊಂದು ಮುಕ್ಕಾಲುಪಾಲು ಮುಚ್ಚಿತ್ತಂತೆ. ಒಳಗೆ ಸಣ್ಣ ಸ್ಪ್ರಿಂಗ್ ಇಟ್ಟು ತೆರೆದಿದ್ದಾರೆ. "ಇಷ್ಟೇನಾ ಡಾಕ್ಟ್ರೇ, ಇದು ಸೋಫಾ ಕೆಲಸ" ಅಂದೆ. ನಕ್ಕರು. ಆಮೇಲೆ ನಗದೆ, "ಇನ್ನೆರಡು ದಿನ ಬಿಟ್ಟು ಬಂದಿದ್ರೆ ನನಗೆ ಕೆಲಸ ಇರ್ತಿರಲಿಲ್ಲ" ಅಂದರು.

ನಿನಗೊಂದು ಸತ್ಯ ಹೇಳುತ್ತೇನೆ. ಅವತ್ತು ಕಾಲಿಗೆ ಪಟ್ಟಿ ಸುತ್ತುವಾಗ ನಾನು ಜೋರಾಗಿ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಒಳಗೊಳಗೇ ಸಮಾಧಾನವಾಯಿತು. ದೊಡ್ಡ ಆಸ್ಪತ್ರೆಯವರು ಕಾಲು ಎಂದಮೇಲೆ ಎದೆ ಆಗಿರಲಾರದು ಎಂದು.

ಈಗ ಆಸ್ಪತ್ರೆಯ ಆಡಳಿತಾಧಿಕಾರಿ ಒಂದು ಕಾಗದ ಕಳಿಸಿದ್ದಾರೆ. "ರೋಗಿಯು ಅನುಮತಿಯಿಲ್ಲದೆ ಆಸ್ಪತ್ರೆಯ ಪೀಠೋಪಕರಣವನ್ನು ದುರಸ್ತಿ ಮಾಡಿ, ಆಸನವನ್ನು ಬದಲಿಸಿದ್ದರಿಂದ ಉಂಟಾದ ಗೊಂದಲಕ್ಕೆ ತಾನೇ ಹೊಣೆಯೆಂದು ಒಪ್ಪುತ್ತಾನೆ." ನನ್ನ ಕೆಲಸವನ್ನು ದುರಸ್ತಿ ಎಂದು ಸರಕಾರಿ ಭಾಷೆಯಲ್ಲಿ ಒಪ್ಪಿಕೊಂಡ ಮೊದಲ ದಾಖಲೆ ಇದು. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಆಸೆಯಾಗಿದೆ. ಸಹಿ ಹಾಕಿಬಿಡೋಣ ಎಂದುಕೊಂಡಿದ್ದೇನೆ. ಜಾಗ ಬದಲಾಯಿಸಿದ್ದು ನಾನೇ ತಾನೇ.

ನಂಬರು ಕೆಂಪು. ಸುತ್ತ ವೃತ್ತವಿದೆ, ಕೆಳಗೆ ಅಡ್ಡಗೆರೆಯಿದೆ. ನೋಡದೆಯೇ ನಿನಗೆ ಹೇಗೆ ಗೊತ್ತಾಯಿತು? ಕೇಸು ಹಾಕುವ ಯೋಚನೆಯಿದ್ದರೆ ಬಿಟ್ಟುಬಿಡು.

ನಿನ್ನ,
ಸ್ಪ್ರಿಂಗ್ ಇರುವ ಮೊಳೆ


ಏಪ್ರಿಲ್ 2

ಮೊಳೆ,

ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೋ. ಭಾರ ಎತ್ತಬೇಡ.

ಆ ಕಾಗದಕ್ಕೆ ಸಹಿ ಹಾಕಬೇಡ. ಯಾಕೆ ಎಂದು ಕೇಳಬೇಡ.

ಅಕ್ಕ


ಏಪ್ರಿಲ್ 8

ಪ್ರೀತಿಯ ಅಕ್ಕ,

ಎರಡು ವಾರ ಕಾದು ಬಂದ ಪತ್ರದಲ್ಲಿ ನಾಲ್ಕು ಸಾಲು. ವಿದ್ಯುತ್ ಕಚೇರಿಯವರು ಕೂಡ ನನಗೆ ಇದಕ್ಕಿಂತ ಉದ್ದ ಬರೆಯುತ್ತಾರೆ, ಕೊನೆಯಲ್ಲಿ ತಮ್ಮ ವಿಶ್ವಾಸಿ ಎಂದೂ ಹಾಕುತ್ತಾರೆ.

ನಿನ್ನೆ ಆ ನರ್ಸಮ್ಮ ಮನೆಗೆ ಬಂದಿದ್ದಳು. ನಾನು ಸಹಿ ಹಾಕದಿದ್ದರೆ ಇಪ್ಪತ್ತೈದನೇ ತಾರೀಖು ವಿಚಾರಣೆ. ಅಲ್ಲಿ ತಪ್ಪು ನನ್ನದಲ್ಲ ಎಂದಾದರೆ ಅವಳದು ಎಂದಾಗುತ್ತದೆ, ಕೆಲಸ ಹೋಗುತ್ತದೆ. ಸಹಿ ಹಾಕಿ ಎಂದು ಕೇಳಲು ಬಂದಳೇನೋ ಎಂದುಕೊಂಡೆ. ಅವಳು ಒಂದು ಬಿಸ್ಕತ್ತಿನ ಪೊಟ್ಟಣ ಮೇಜಿನ ಮೇಲಿಟ್ಟು, "ಅಂಕಲ್, ಅವತ್ತು ಕೈ ನೋಡಿದೀನಿ, ಕಾಲು ನೋಡಿದೀನಿ, ಒಂದು ಮುಖಾನೂ ನೋಡಿಲ್ಲ. ನೀವು ಮೇಲ್ಗಡೆ ಅಂದಾಗ ಕೇಳಬೇಕಿತ್ತು. ಅದಷ್ಟು ಹೇಳೋಕೆ ಬಂದೆ" ಅಂದಳು. ನಮ್ಮವಳು ಬೈಯಲು ಸಿದ್ಧಮಾಡಿಕೊಂಡದ್ದನ್ನೆಲ್ಲ ನುಂಗಿ ಕಾಫಿ ಕೊಟ್ಟಳು.

ಪೇಂಟರೂ ಬಂದಿದ್ದ, ಪ್ಲಾಸ್ಟರ್ ಹಾಕಿಕೊಂಡು. ಪಾದದ ಮೂಳೆ ಮುರಿದಿತ್ತಂತೆ. ಹಾರ್ಟು ಕುದುರೆಯದು ಎಂದು ನಂಬಿ ಮೂರು ದಿನ ಆ ಪಾದದ ಮೇಲೆಯೇ ನಡೆದಿದ್ದಾನೆ.

ನಿನ್ನ ಮನಸ್ಸು ನನಗೆ ಗೊತ್ತಾಗುತ್ತದೆ. ಕೆಲಸದಲ್ಲಿ ನೀನು ಕಟ್ಟುನಿಟ್ಟು. ಇಂಥ ತಪ್ಪು ಮಾಡಿದ ನರ್ಸು ಮನೆಗೆ ಹೋಗಲಿ ಅನ್ನುವುದು ನಿನ್ನ ನ್ಯಾಯ. ನನಗೆ ಆಗುವುದಿಲ್ಲ ಅಕ್ಕ. ಮಗಳ ವಯಸ್ಸು ಅವಳದು. ಸೋಮವಾರದ ಹೊತ್ತಿಗೆ ಕಾರಣ ಬರೆಯದಿದ್ದರೆ ಸಹಿ ಹಾಕುತ್ತೇನೆ.

ಮೊಳೆ


ಏಪ್ರಿಲ್ 14

ಮೊಳೆ,

ನೀನು ಕೊಟ್ಟ ಸೋಮವಾರಕ್ಕೆ ಪಕ್ಕದ ಮನೆಯಾಕೆಯ ಕೈಲಿ "ತಡಿ, ಕಾಗದ ಬರ್ತಿದೆ" ಎಂದು ಫೋನ್ ಮಾಡಿಸಿದೆ. ಇದು ಆ ಕಾಗದ. ಮೂರು ಸಲ ಬರೆದು ಹರಿದಿದ್ದೇನೆ.

ಆ ನಂಬರುಗಳು ನನ್ನವು.

ಇಪ್ಪತ್ತೆರಡು ವರ್ಷದ ಹಿಂದೆ ನಮ್ಮ ವಾರ್ಡಿನಲ್ಲಿ ಜನ ಕಿಕ್ಕಿರಿಯುತ್ತಿದ್ದರು. ಒಂದು ಹೆಸರು ಕೂಗಿದರೆ ಮೂವರು ಎದ್ದು ಬರುತ್ತಿದ್ದರು. ಒಂದು ಭಾನುವಾರ ಕೆಂಪು ಬಣ್ಣದ ಡಬ್ಬಿ ತಂದು ಕುರ್ಚಿಗಳ ಬೆನ್ನಿಗೆಲ್ಲ ನಂಬರು ಬರೆದೆ. ವೃತ್ತ ಚೆಂದಕ್ಕೆ. ಗೆರೆ, ಆರು ಯಾವುದು ಒಂಬತ್ತು ಯಾವುದು ಎಂದು ಗೊತ್ತಾಗಲಿ ಎಂದು. ಕೆಲಸ ಸಲೀಸಾಯಿತು. ಸೂಪರಿಂಟೆಂಡೆಂಟರು ಮೆಚ್ಚಿ ಚಿತ್ರಸಮೇತ ಎಲ್ಲ ಆಸ್ಪತ್ರೆಗಳಿಗೂ ಸುತ್ತೋಲೆ ಕಳಿಸಿದರು. ನನಗೊಂದು ಗೋಡೆ ಗಡಿಯಾರ ಬಹುಮಾನ ಬಂತು. ಅದು ಎಲ್ಲಿ ತೂಗುತ್ತಿದೆ ಎಂದು ನಿನಗೆ ಗೊತ್ತು.

ಇಷ್ಟೇ ಆಗಿದ್ದರೆ ಎರಡನೇ ಪತ್ರದಲ್ಲೇ ಹೇಳುತ್ತಿದ್ದೆ. ಮರುವರ್ಷ ಇಬ್ಬರು ಹೆಂಗಸರು ಫ್ಯಾನಿನ ಗಾಳಿಗಾಗಿ ಜಾಗ ಬದಲಿಸಿಕೊಂಡರು. ಒಬ್ಬಳಿಗೆ ಕೊಡಲೇಬಾರದ ಇಂಜೆಕ್ಷನ್ ತುಂಬಿಕೊಂಡು ನಾನು ಅವಳ ತೋಳು ಹಿಡಿದಿದ್ದೆ. ನೆಲ ಒರೆಸುತ್ತಿದ್ದ ಹೆಂಗಸು ತಲೆಯೆತ್ತಿ, "ಸಿಸ್ಟರ್, ಇವರು ಆಗ ಆ ಕಡೆ ಕೂತಿದ್ರಲ್ಲ" ಅಂದಳು. ಸೂಜಿ ತೋಳಿಗೆ ತಾಗುವ ಮುಂಚೆ ನಿಂತಿತು. ಅವಳು ಮುಖ ನೋಡಿದ್ದಳು. ನಾನು ಚೀಟಿ ನೋಡಿದ್ದೆ.

ಆಮೇಲೆ ನಾನು ಏನು ಮಾಡಿದೆ ಗೊತ್ತೇ? "ಯಾರೂ ಜಾಗ ಬದಲಿಸಬಾರದು" ಎಂದು ಒಂದು ಬೋರ್ಡು ಬರೆಸಿದೆ. ಅದೂ ಕೆಂಪು ಬಣ್ಣದಲ್ಲೇ. ಯಾರಿಗೂ ಒಂದು ಮಾತು ಹೇಳಲಿಲ್ಲ. ಗಡಿಯಾರ ವಾಪಸ್ಸು ಕೇಳುತ್ತಾರೆ ಎಂಬ ಭಯವಿತ್ತೋ ಏನೋ. ಕಡೆಗೆ ಅದನ್ನು ಗೋಡೆಯ ಮೇಲೆ ನೋಡಲಾಗದೆ ನಿನಗೆ ಕೊಟ್ಟೆ.

ನೀನು ಸಹಿ ಹಾಕಿದರೆ ರೋಗಿ ಕುರ್ಚಿ ಬಿಟ್ಟು ಎದ್ದದ್ದೇ ತಪ್ಪು ಎಂದಾಗುತ್ತದೆ, ನಂಬರು ಉಳಿಯುತ್ತದೆ, ನಾಳೆ ಇನ್ನೊಬ್ಬ ಒಳ್ಳೆಯವನು ತನ್ನ ಜಾಗ ಬಿಟ್ಟುಕೊಡುತ್ತಾನೆ. ಆ ಹುಡುಗಿ ಹೋದರೂ ನಂಬರು ಉಳಿಯುತ್ತದೆ. ಇಪ್ಪತ್ತೈದಕ್ಕೆ ನಾನೇ ಬರುತ್ತೇನೆ. ಸ್ಟೇಷನ್ನಿಗೆ ಬರಬೇಡ, ನಿನ್ನ ಸ್ಪ್ರಿಂಗ್ ಹೊಸದು. ಗಡಿಯಾರ ಮಾತ್ರ ಗೋಡೆಯಿಂದ ಇಳಿಸಿ ಒರೆಸಿಡು.

ನನ್ನ ಮೇಲೆ ಕೋಪ ಮಾಡಿಕೊಳ್ಳುವುದಿದ್ದರೆ ಮಾತ್ರೆ ತೆಗೆದುಕೊಂಡ ಮೇಲೆ ಮಾಡಿಕೋ.

ಅಕ್ಕ


ಏಪ್ರಿಲ್ 29

ಪ್ರೀತಿಯ ಅಕ್ಕ,

ಕೋಪಕ್ಕೆ ಮುಹೂರ್ತ ಕೂಡಿಬರಲಿಲ್ಲ. ಮೂರು ಸಲ ಮಾತ್ರೆ ತೆಗೆದುಕೊಂಡು ಪ್ರಯತ್ನಿಸಿದೆ, ಪ್ರತಿ ಸಲವೂ ನೀನು ಕೆಂಪು ಡಬ್ಬಿ ಹಿಡಿದು ಕುರ್ಚಿಯ ಹಿಂದೆ ಬಗ್ಗಿ ಕೂತದ್ದು ಕಣ್ಣಿಗೆ ಬಂದು ನಗು ಬಂತು.

ವಿಚಾರಣೆ ಮುಗಿದ ಸಂಜೆಯೇ ನೀನು ರೈಲು ಹತ್ತಿದೆ. ಅಲ್ಲಿ ನೀನು ಹೇಳಿದ್ದು ಎಲ್ಲರಿಗೂ ಕೇಳಿಸಿತು, ಎರಡು ಮಹಡಿ ಕೆಳಗಿನ ಔಷಧಿ ಅಂಗಡಿಯವರಿಗೂ. ಉಳಿದವರು ಹೇಳಿದ್ದು ನಿನಗೆ ಕೇಳಿಸಿಲ್ಲ. ಅದನ್ನು ದಾಖಲೆಗಾಗಿ ಬರೆಯುತ್ತೇನೆ.

ನೀನು ಒಳಗೆ ಬಂದಾಗ ಆಡಳಿತಾಧಿಕಾರಿ ನಿನ್ನನ್ನು ನನ್ನ ತಾಯಿ ಎಂದುಕೊಂಡು "ಅಜ್ಜಿನ ಹೊರಗೆ ಕೂರ್ಸಿ" ಅಂದರು. ನೀನು ಅದನ್ನು ಸ್ವಾಗತವೆಂದು ತಿಳಿದು ಕೈಮುಗಿದೆ. ಕೊಟ್ಟ ಕುರ್ಚಿಯ ಬೆನ್ನು ತಿರುಗಿಸಿ, ನಂಬರು ನೋಡಿ, ಕೂರದೆ ನಿಂತೇ ಶುರುಮಾಡಿದೆ. ಹತ್ತು ನಿಮಿಷವಾದ ಮೇಲೆ ಅವರು "ಅಮ್ಮಾ, ಸಾಕು" ಅಂದರು. ಒಟ್ಟು ನಾಲ್ಕು ಸಲ ಅಂದರು. ನಾಲ್ಕನೇ ಸಲ ನನ್ನ ಕಡೆ ತಿರುಗಿ, "ಇವರಿಗೆ ಹೇಳ್ರೀ" ಅಂದರು. "ಅರವತ್ತು ವರ್ಷದಿಂದ ಹೇಳ್ತಿದೀನಿ ಸಾರ್" ಅಂದೆ.

"ರೋಗಿ ಜಾಗ ಬಿಟ್ಟು ಏಳಬಾರದು ಅಂತ ಬೋರ್ಡ್ ಇದೆ" ಎಂದು ಅವರು ಹೇಳಿದ್ದು, ನೀನು "ರೋಗಿ ಬಚ್ಚಲಿಗೆ ಹೋಗಿ ಬಂದ್ರೆ ರೋಗ ಬದಲಾಗತ್ತಾ? ಆ ಬೋರ್ಡನ್ನ ಮೊದಲು ಬರೆಸಿದ್ದೂ ನಾನೇ" ಎಂದದ್ದು, ಎರಡೂ ಒಂದೇ ಸಲಕ್ಕೆ ಬಂದವು. ನೀನು ಕೇಳಿಸಿಕೊಂಡೇ ಉತ್ತರ ಕೊಟ್ಟೆ ಎಂದು ಅವರು ಬೆಚ್ಚಿಬಿದ್ದರು.

ಆ ಇಬ್ಬರು ಹೆಂಗಸರ ಕಥೆ ನೀನು ಹೇಳುವಾಗ ಮಾತ್ರ ಯಾರೂ ಏನೂ ಅನ್ನಲಿಲ್ಲ. ಅಲ್ಲಿ ನೀನು ಕೇಳಿಸಿಕೊಳ್ಳದೆ ಬಿಟ್ಟದ್ದು ಏನೂ ಇಲ್ಲ. ನರ್ಸಮ್ಮ ಅಳುತ್ತಿದ್ದಳು. ನನ್ನ ಕೈ ಹಿಡಿದ ಆ ಹಿರಿಯ ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು.

"ಆ ಹುಡುಗೀನ ತೆಗೆಯೋದಾದ್ರೆ ಮೊದಲು ಇದನ್ನ ವಾಪಸ್ ತಗೊಳ್ಳಿ" ಎಂದು ನೀನು ಗಡಿಯಾರವನ್ನು ಮೇಜಿನ ಮೇಲಿಟ್ಟೆಯಲ್ಲ, ಆಗ ಅದು ಹನ್ನೊಂದು ಹೊಡೆಯಿತು. ಹತ್ತು ನಿಮಿಷ ತಡವಾಗಿ. ಪೂರ್ತಿ ಹನ್ನೊಂದು. ನೀನೊಬ್ಬಳು ಗಂಭೀರವಾಗಿ ನಿಂತಿದ್ದೆ, ಉಳಿದವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಹಿಂದಿನಿಂದ ಪೇಂಟರ್, "ಇದಕ್ಕೂ ಯಾರಾದ್ರೂ ಇ.ಸಿ.ಜಿ. ತೆಗೀರಪ್ಪಾ" ಅಂದ. ಆಡಳಿತಾಧಿಕಾರಿಯೂ ನಕ್ಕುಬಿಟ್ಟರು. ನಕ್ಕ ಮೇಲೆ ಅವರಿಗೆ ಮೊದಲಿನ ಗಡಸು ವಾಪಸ್ಸು ಬರಲೇ ಇಲ್ಲ.

ತೀರ್ಮಾನ ಬಂದಿದೆ. ತಪ್ಪು ಆಸ್ಪತ್ರೆಯದು, ಬಂದವನು ಯಾರು, ಏನಾಗಿದೆ ಎಂದು ಮುಟ್ಟುವ ಮುಂಚೆ ಕೇಳುವುದು ಅವರ ಹೊಣೆ ಎಂದು ಬರೆದುಕೊಟ್ಟಿದ್ದಾರೆ. ನರ್ಸಮ್ಮನಿಗೆ ಎಚ್ಚರಿಕೆ ಪತ್ರ, ಕೆಲಸ ಉಳಿಯಿತು. ಕ್ಷಮಾಪಣೆಯ ಪತ್ರವೂ ಬಂತು. ಟೈಪು ಮಾಡಿದವನು ಅಭ್ಯಾಸಬಲದಿಂದ "ಮಾನ್ಯ ನಾಲ್ಕನೇ ಕುರ್ಚಿಯವರಿಗೆ" ಎಂದು ಹಾಕಿದ್ದ. ನಮ್ಮವಳು ವಾಪಸ್ಸು ಕಳಿಸಿದಳು. ಎರಡನೆಯದು ಹೆಸರಿಗೇ ಬಂತು, ಅಪ್ಪನ ಹೆಸರೂ ಸೇರಿ.

ನಿನ್ನೆ ನಾನೂ ಪೇಂಟರೂ ಹೋಗಿ ಕುರ್ಚಿಗಳ ನಂಬರು ಕೆರೆದು ಬಂದೆವು. ಅವನು ಒಂದು ಕಾಲಲ್ಲಿ ನಿಂತು, ನಾನು ಭಾರ ಎತ್ತದೆ. ನಿನ್ನ ಸುತ್ತೋಲೆಯ ಬಣ್ಣ ಬಹಳ ಗಟ್ಟಿ ಎಂದುಕೊಂಡು ಕೆರೆಯುತ್ತಿದ್ದೆ, ಆಮೇಲೆ ನೋಡಿದರೆ ಪ್ರತಿ ವರ್ಷ ಯಾರೋ ಅದರ ಮೇಲೆಯೇ ಬಳಿದಿದ್ದಾರೆ. ನಾಲ್ಕನೇ ಕುರ್ಚಿಯ ಬೆಣೆ ಇನ್ನೂ ಅಲುಗಿಲ್ಲ. ಹೊರಡುವಾಗ ನನ್ನ ತಪಾಸಣೆಯೂ ಆಯಿತು. ನರ್ಸಮ್ಮ ಎದುರಿಗೆ ಬಂದು ನಿಂತು, ನನ್ನ ಹೆಸರು ಅವಳಿಗೆ ಬಾಯಿಪಾಠವಾಗಿದ್ದರೂ, "ನಿಮ್ಮ ಹೆಸರೇನು? ಎಲ್ಲಿ ನೋವು?" ಎಂದು ಕೇಳಿದಳು. ಹೇಳಿದೆ. ಮತ್ತೆ ಕೇಳಿದಳು. ಮತ್ತೆ ಹೇಳಿದೆ.

ಗಡಿಯಾರವನ್ನು ಅವರು ಇಟ್ಟುಕೊಳ್ಳಲಿಲ್ಲ. ಮತ್ತೆ ಅಂಗಡಿಯ ಗೋಡೆಯಲ್ಲಿದೆ. ನಾನು ದಿನಕ್ಕೆ ಐದು ಮಾತ್ರೆ ನುಂಗುತ್ತಿದ್ದೇನೆ ಅಕ್ಕ. ಲೆಕ್ಕ ಸಮ ಮಾಡು. ಕಿವಿಗೆ ಮಿಷನ್ ಹಾಕಿಸು.

ನಿನ್ನ,
ಮೊಳೆ


ಮೇ 11

ಮೊಳೆ,

ಕಿವಿಯ ಡಾಕ್ಟರ ಹತ್ತಿರ ಹೋಗಿದ್ದೆ. ಅಲ್ಲಿ ನಂಬರು ಇಲ್ಲ. ಹೆಸರು ಕೂಗುತ್ತಾರೆ. ಕಿವಿ ಕೇಳದವರು ಇಪ್ಪತ್ತು ಜನ ಸಾಲಾಗಿ ಕೂತಿದ್ದೇವೆ, ಒಳಗಿನಿಂದ ಹೆಸರು ಕೂಗುತ್ತಾರೆ, ಒಬ್ಬರೂ ಏಳುವುದಿಲ್ಲ. ಒಂದೂವರೆ ಗಂಟೆ ಎಲ್ಲರೂ ಪರಸ್ಪರ ನಗುತ್ತ ಕೂತಿದ್ದೆವು. ನನ್ನ ಹೆಸರನ್ನು ನಾಲ್ಕು ಸಲ ಕೂಗಿದರಂತೆ.

ಕೊನೆಗೆ ಒಬ್ಬಳು ಒಳಗಿನಿಂದ ಎದ್ದು ಬಂದಳು. ನನ್ನ ಎದುರು ಬಗ್ಗಿ, ಕೈ ಮುಟ್ಟಿ, ಮುಖ ನೋಡಿ, ನೀವೇನಾ ಎಂದು ಕೇಳಿದಳು. ತುಟಿ ನೋಡಿಯೇ ತಿಳಿಯಿತು. ಬಾಗಿಲಿನಿಂದ ನನ್ನ ಕುರ್ಚಿಗೆ ಎಂಟು ಹೆಜ್ಜೆ, ಎಣಿಸಿದೆ. ಆ ಎಂಟು ಹೆಜ್ಜೆ ಉಳಿಸಲು ನಾನು ಒಂದು ಡಬ್ಬಿ ಬಣ್ಣ ಖಾಲಿ ಮಾಡಿದ್ದೆ.

ಮಿಷನ್ ಕಿವಿಯಲ್ಲಿದೆ. ಪಕ್ಕದ ಮನೆಯಾಕೆ ನನ್ನ ಬಗ್ಗೆ ಏನೇನು ಹೇಳುತ್ತಾಳೆ ಎಂದು ಈಗ ಗೊತ್ತಾಗಿದೆ, ಆದರೂ ಭಾನುವಾರಕ್ಕೆ ಬೇಕೆಂದು ಅವಳ ಫೋನನ್ನು ಕೇಳಿಟ್ಟಿದ್ದೇನೆ. ಭಾನುವಾರ ಹತ್ತು ಗಂಟೆಗೆ, ಆ ಗಡಿಯಾರದ ಹತ್ತಕ್ಕಲ್ಲ, ಎಲ್ಲರ ಹತ್ತಕ್ಕೆ, ಫೋನ್ ಮಾಡು. ಈ ಸಲ ನೀನು ಹೇಳು, ನಾನು ಕೇಳ್ತೀನಿ.

ಗ್ಯಾಸು ಅಂತ ಮಾತ್ರ ಹೇಳಬೇಡ.

ಅಕ್ಕ